ಮನೆ ಏಳಲಿ, ಹಸು ಕೊಟ್ಟಿಗೆಯಲ್ಲೇ ಇರಲಿ



ಬೆಳಿಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಾಗ ಫ್ಯಾಟ್, ಬಟವಾಡೆ, ಹಿಂಡಿ ದರದ ಜೊತೆಗೆ ಇನ್ನೊಂದು ಮಾತೂ ಬರುತ್ತದೆ. "ಮನೆ ಕೆಲಸ ಎಲ್ಲಿಗೆ ಬಂತಕ್ಕಾ?" ಹದಡಿಯಾಗಲಿ, ಸುತ್ತಲ ಹಳ್ಳಿಗಳಾಗಲಿ, ಉತ್ತರ ಹೆಚ್ಚಾಗಿ ಒಂದೇ. "ಗೋಡೆ ಎದ್ದೈತಿ, ಮೇಲೆ ಹಾಕೋಕೆ ದುಡ್ಡಿಲ್ಲ. ಒಂದು ಹಸು ಕೊಟ್ಟುಬಿಡೋಣ ಅಂತಾರೆ."

ಆ ಮಾತಿಗೆ ಹೂಂ ಅನ್ನುವ ಮೊದಲು ಸ್ವಲ್ಪ ತಡೆಯಿರಿ. ಹಸು ಮಾರಿದ ದುಡ್ಡು ಒಂದೇ ಸಲ ಬರುತ್ತದೆ, ಬಟವಾಡೆ ಮತ್ತೆ ಮತ್ತೆ ಬರುತ್ತದೆ. ಮಕ್ಕಳ ಫೀಸು, ಅಂಗಡಿ ಲೆಕ್ಕ, ಸ್ವಸಹಾಯ ಸಂಘದ ಕಂತು ಎಲ್ಲ ನಡೆಯುವುದು ಅದರಿಂದಲೇ. ಹಸು ಮಾರದೆ ಮನೆ ಮುಗಿಸಬೇಕಾದರೆ ಖರ್ಚನ್ನು ಮೊದಲೇ ಇಳಿಸಬೇಕು. ಅದಕ್ಕೆ ಮೂರು ದಾರಿಗಳಿವೆ.

ಮೊದಲು ಅಳತೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲು ಸೀಮೆಗೆ ನಿಗದಿಯಾದ ಸಹಾಯಧನ 1.20 ಲಕ್ಷ ರೂಪಾಯಿ. ಅಡುಗೆ ಜಾಗವೂ ಸೇರಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಹಣ ಒಟ್ಟಿಗೆ ಬರುವುದಿಲ್ಲ, ಕೆಲಸದ ಹಂತ ನೋಡಿ ಕಂತುಗಳಲ್ಲಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಪಕ್ಕದ ಮನೆಗಿಂತ ದೊಡ್ಡದಿರಲಿ ಎಂದು ತಳಪಾಯವನ್ನೇ ಅಗಲ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಮುಂದೆ ಒಂದು ಕೋಣೆ ಸೇರಿಸಲು ಜಾಗ ಬಿಟ್ಟು, ಈಗ ಚಿಕ್ಕದಾಗಿ ಕಟ್ಟಿ ಮುಗಿಸಿ. ಮನೆ ನಿಮ್ಮ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ಇರಲಿ.

ಸುಡದ ಇಟ್ಟಿಗೆ

ನಿಮ್ಮಲ್ಲಿ ಹಲವರು ಅಸ್ತ್ರ ಒಲೆ ಕಂಡವರು. ಹೊಗೆ ಕಡಿಮೆ ಮಾಡುವ ಆ ಒಲೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಿಂದ. ಹಳ್ಳಿಗೆ ಬೇಕಾದ ವಿಜ್ಞಾನ ಹುಡುಕುವುದೇ ಅದರ ಕೆಲಸ. ಅಲ್ಲಿಯೇ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಮರಳು, ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಿಂದ ಒತ್ತುವ ಯಂತ್ರದಲ್ಲಿ ಹಾಕಿದರೆ ಇಟ್ಟಿಗೆ ಸಿದ್ಧ. ಭಟ್ಟಿ ಬೇಡ, ಸೌದೆ ಬೇಡ. ನಿಮ್ಮ ಜಾಗದಲ್ಲೇ ಒತ್ತಿದರೆ ಲಾರಿ ಬಾಡಿಗೆ ಉಳಿಯುತ್ತದೆ, ಗೋಡೆ ನೀಟಾಗಿ ಬಂದರೆ ಗಿಲಾವಿನ ಖರ್ಚೂ ಉಳಿಯುತ್ತದೆ. ಬೆಂಗಳೂರಿನಲ್ಲಿ ಇಂಥ ಮನೆಗಳು ದಶಕಗಳಿಂದ ನಿಂತಿವೆ.

ಆದರೆ ಎಲ್ಲ ಮಣ್ಣೂ ಆಗುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದೊಂದನ್ನೇ ಬಳಸಬೇಡಿ. ಕೆಂಪು ಮಣ್ಣು ವಾಸಿ. ಮನೆಯಲ್ಲೇ ಪರೀಕ್ಷೆ ಮಾಡಿ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಮೊದಲು ತಳ ಸೇರುತ್ತದೆ, ಅಂಟು ಮಣ್ಣು ಕೊನೆಗೆ ಮೇಲೆ ಕೂರುತ್ತದೆ. ಮರಳಿನ ಪದರವೇ ದಪ್ಪವಾಗಿರಬೇಕು. ಅಂಟು ಜಾಸ್ತಿ ಕಂಡರೆ ಮರಳು ಸೇರಿಸಬೇಕು. ಸಿಮೆಂಟ್ ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ಸಾಕು. ಒತ್ತಿದ ಇಟ್ಟಿಗೆಯನ್ನು ಭತ್ತದ ಹುಲ್ಲು ಇಲ್ಲವೇ ಗೋಣಿ ಹೊದಿಸಿ ಮೂರು ವಾರ ನೀರು ಹಾಕಿ ನೆನೆಸಬೇಕು. ಅವಸರ ಮಾಡಿದರೆ ಮೂಲೆ ಉದುರುತ್ತದೆ.

ಜಾಗವೇ ಎರೆ ಮಣ್ಣಿನದಾದರೆ ತಳಪಾಯದಲ್ಲಿ ಉಳಿತಾಯ ಬೇಡ. ಗಟ್ಟಿ ನೆಲ ಸಿಗುವ ತನಕ ಅಗೆಸಿ. ಸರ್ಕಾರದ ಮನೆಯಾದರೆ, ಮಣ್ಣಿನ ಇಟ್ಟಿಗೆ ಬಳಸುವ ವಿಷಯವನ್ನು ಕೆಲಸ ಶುರುವಿಗೆ ಮೊದಲೇ ಪಂಚಾಯಿತಿಯ ಇಂಜಿನಿಯರ್‌ಗೆ ತಿಳಿಸಿ. ಯಂತ್ರ, ಮಣ್ಣಿನ ಪರೀಕ್ಷೆ, ತಿಳಿದ ಮೇಸ್ತ್ರಿಗಾಗಿ ದಾವಣಗೆರೆಯ ನಿರ್ಮಿತಿ ಕೇಂದ್ರದಲ್ಲಿ ವಿಚಾರಿಸಿ.

ಮುಯ್ಯಿ ಮರೆಯಬೇಡಿ

ಯಂತ್ರಕ್ಕೆ ಮಣ್ಣು ಜರಡಿ ಹಿಡಿಯಲು, ಕಲಸಲು, ಒತ್ತಲು, ಸಾಲಿಡಲು ಆರೇಳು ಜನ ಬೇಕು. ಕೂಲಿ ಕೊಟ್ಟರೆ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ನಾಟಿಗೆ, ಕಳೆಗೆ ಮುಯ್ಯಾಳು ಹೋಗುವುದು ನಮಗೆ ಹೊಸದೇ? ಇಂದು ಅವಳ ಮನೆಗೆ, ನಾಳೆ ನಿಮ್ಮ ಮನೆಗೆ. ಒಂದೇ ಡೇರಿಗೆ ಹಾಲು ಹಾಕುವ ಆರೇಳು ಮನೆಯವರು ಸೇರಿದರೆ ಒಂದು ಯಂತ್ರದಲ್ಲಿ ಸರದಿಯ ಮೇಲೆ ಎಲ್ಲರ ಇಟ್ಟಿಗೆಯೂ ಆಗುತ್ತದೆ.

ಮಣ್ಣು ಹೊರಲು ಆಗದವರೂ ಮುಯ್ಯಿ ಮಾಡಬಹುದು. ಮನೆ ಕಟ್ಟುವವಳ ಹಸುವನ್ನು ನಾಲ್ಕು ದಿನ ನೀವು ಕರೆದು, ಹಾಲನ್ನು ಅವಳ ಹೆಸರಿಗೇ ಬರೆಸಿ. ನಿಮ್ಮ ಮೇವಿನ ಜೊತೆ ಅವಳ ದನಕ್ಕೂ ಒಂದು ಹೊರೆ ತನ್ನಿ. ಕೆಲಸದವರಿಗೆ ಒಂದು ಚೊಂಬು ಮಜ್ಜಿಗೆ ಕಳಿಸಿ. ಗ್ರಾಮಸಭೆ ಯಾವತ್ತು ಎಂಬುದನ್ನು ಒಂಟಿ ಹೆಣ್ಣುಮಕ್ಕಳ ಮನೆಗೆ ಹೋಗಿ ಹೇಳಿ. ಮನೆ ಬೇಕಾದವರ ಹೆಸರು ಅಲ್ಲಿ ಚರ್ಚೆಗೆ ಬರುತ್ತದೆ. ತಾನು ಬಾಯಿಬಿಡಲು ಹಿಂಜರಿಯುವ ವಿಧವೆ ಅಕ್ಕನ ಪರವಾಗಿ ನೀವು ನಾಲ್ಕು ಜನ ಎದ್ದು ನಿಂತು ಮಾತಾಡಿದರೆ, ಅದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿಲ್ಲ.

ಹಾಲಿನ ಸಂಘ ಕಟ್ಟಿದ್ದೂ ಹೀಗೆಯೇ ಅಲ್ಲವೇ? ಒಬ್ಬೊಬ್ಬರ ಎರಡು ಲೀಟರ್ ಸೇರಿ ಟ್ಯಾಂಕರ್ ತುಂಬಿತು. ನಾಳೆ ಡೇರಿ ಮುಂದೆ ಯಾರಾದರೂ "ಹಸು ಮಾರ್ತೀನಿ" ಎಂದರೆ ಸುಮ್ಮನೆ ಕೇಳಿಸಿಕೊಂಡು ಬರಬೇಡಿ. "ಎಷ್ಟು ಇಟ್ಟಿಗೆ ಬೇಕು, ನಾವು ಎಷ್ಟು ಜನ ಬರಬೇಕು?" ಎಂದು ಕೇಳಿ.