ಸುಳ್ಳು ಪತ್ತೆ ಯಂತ್ರದ ಮುಂದೆ ಉದ್ಯೋಗಾರ್ಥಿ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕೌಂಟಿಯ ಷೆರೀಫ್‌ನನ್ನು ಜನರೇ ಚುನಾಯಿಸುತ್ತಾರೆ. ಅವನ ಕೈಕೆಳಗಿನ ಡೆಪ್ಯುಟಿ ಮಾತ್ರ ಪರೀಕ್ಷೆಗಳ ಸಾಲನ್ನೇ ದಾಟಿ ಬರಬೇಕು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೊಸಬರಿಗೆ ಕನಿಷ್ಠ ವಯಸ್ಸು 21. ಲಿಖಿತ ಮತ್ತು ದೈಹಿಕ ಪರೀಕ್ಷೆಗಳು ನಮ್ಮ ಪೊಲೀಸ್ ನೇಮಕದಲ್ಲೂ ಉಂಟು. ಅಲ್ಲಿ ಗಡುಸಾಗಿರುವುದು ಹಿನ್ನೆಲೆಯ ತನಿಖೆ. ಹಳೆಯ ಮಾಲೀಕರು, ನೆರೆಹೊರೆಯವರನ್ನೆಲ್ಲ ವಿಚಾರಿಸುತ್ತಾರೆ. ಸಾಲದ ಲೆಕ್ಕವನ್ನೂ ನೋಡುತ್ತಾರೆ. ಹದಿಹರೆಯದ ಸಣ್ಣ ತಪ್ಪನ್ನು ಒಪ್ಪಿಕೊಂಡವನಿಗೆ ಅವಕಾಶ ಉಳಿಯಬಹುದು, ಅರ್ಜಿಯಲ್ಲಿ ಮುಚ್ಚಿಟ್ಟವನಿಗೆ ಕಷ್ಟ.

ಅನೇಕ ಕೌಂಟಿಗಳಲ್ಲಿ ಪಾಲಿಗ್ರಾಫ್ ಪರೀಕ್ಷೆಯೂ ಇದೆ. ಸುಳ್ಳು ಪತ್ತೆ ಯಂತ್ರವೆಂಬ ಹೆಸರೇನೋ ಬಂದಿದೆ. ಅದು ಅಳೆಯುವುದು ಉಸಿರಾಟ, ರಕ್ತದೊತ್ತಡ ಮತ್ತು ಬೆವರಿನಿಂದ ಬದಲಾಗುವ ಚರ್ಮದ ವಿದ್ಯುತ್ ವಾಹಕತೆಯನ್ನು. ಮೌಖಿಕ ಪರೀಕ್ಷೆಗೆ ನಿಂತ ಪ್ರಾಮಾಣಿಕ ಹುಡುಗನ ಅಂಗೈಯೂ ಬೆವರುತ್ತದಲ್ಲ! ಭದ್ರತಾ ಇಲಾಖೆಗಳ ನೌಕರರನ್ನು ಸೋಸಲು ಇದರ ನಿಖರತೆ ಸಾಲದೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯೇ 2003ರಲ್ಲಿ ಹೇಳಿತು. 1988ರ ಕಾಯಿದೆ ಖಾಸಗಿ ಕಂಪೆನಿಗಳಿಗೆ ಇದನ್ನು ಬಹುಮಟ್ಟಿಗೆ ನಿಷೇಧಿಸಿದೆ, ಸರ್ಕಾರಕ್ಕೆ ಮಾತ್ರ ವಿನಾಯಿತಿ! ನಮ್ಮಲ್ಲಿ 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸಬಾರದೆಂದಿತು. ಅಲ್ಲಿನ ಅಭ್ಯರ್ಥಿಯೂ ಸಹಿ ಹಾಕಿಯೇ ಕೂರುತ್ತಾನೆ. ಪರೀಕ್ಷೆ ಕಡ್ಡಾಯವಿರುವ ಕೌಂಟಿಯಲ್ಲಿ ಒಲ್ಲೆನೆಂದರೆ ಅವನ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಅಷ್ಟೆ.