ಸೀಮೆಎಣ್ಣೆಯ ಹೀಟರು ಏಕೆ ನಾರುವುದು?

ಜಪಾನಿನಲ್ಲಿ ಚಳಿಗಾಲ ಕಾಲಿಟ್ಟೊಡನೆ ಅನೇಕ ಮನೆಗಳಲ್ಲಿ ಸೀಮೆಎಣ್ಣೆಯ ಹೀಟರುಗಳನ್ನು ಹೊತ್ತಿಸುವರು. ಅಲ್ಲಿಯ ಭಾಷೆಯಲ್ಲಿ ಸೀಮೆಎಣ್ಣೆಗೆ ‘ತೋಯು’, ಎಂದರೆ ‘ದೀಪದ ಎಣ್ಣೆ’, ಎಂದು ಹೆಸರು. ಹೆಸರು ಉಚಿತವಾಗಿಯೇ ಇದೆ. ಬತ್ತಿಯ ಹೀಟರು ನಮ್ಮ ಕಂದೀಲಿನ ದಾಯಾದಿಯಷ್ಟೆ. ಒಂದು ಹೀಟರು ವಾಸನೆಯಿಲ್ಲದೆ ಉರಿಯುವುದು, ಮತ್ತೊಂದು ಮನೆಯನ್ನೆಲ್ಲ ನಾರಿಸುವುದು. ಈ ಭೇದಕ್ಕೆ ಕಾರಣವೇನು?

ಇಲ್ಲಿ ಉರಿಯುವುದು ದ್ರವವಲ್ಲ, ಅದರ ಆವಿ. ಬತ್ತಿಯ ಎಳೆಗಳ ಸಂದಿನಲ್ಲಿ ಎಣ್ಣೆ ತಾನಾಗಿ ಮೇಲೇರುವುದು. ಈ ಗುಣಕ್ಕೆ ಲೋಮನಾಳತೆ ಎಂದು ಹೆಸರು. ತುದಿಯನ್ನು ಮುಟ್ಟಿದ ಎಣ್ಣೆ ಶಾಖದಿಂದ ಆವಿಯಾಗಿ, ಗಾಳಿಯೊಡನೆ ಬೆರೆತು ಉರಿಯುವುದು. ಒಂದು ಲೀಟರ್ ಎಣ್ಣೆ ಪೂರ್ಣವಾಗಿ ಉರಿಯಲು ಸುಮಾರು ೧೦ ಘನಮೀಟರ್ ಗಾಳಿ ಬೇಕು. ಆಗ ಉಳಿಯುವುವು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ದಹನ ಅಪೂರ್ಣವಾದರೆ ಮಸಿಯೂ ಅರೆ ಉರಿದ ಆವಿಯೂ ಹೊರಬೀಳುವುವು. ಆ ಆವಿಯೇ ನಾತದ ಮೂಲ.

ಆದುದರಿಂದ ಎಣ್ಣೆ, ಬತ್ತಿ, ಗಾಳಿ ಈ ಮೂರನ್ನೂ ಗಮನಿಸಬೇಕು. ಹಿಂದಿನ ವರ್ಷ ಉಳಿದ ಎಣ್ಣೆ ಬಿಸಿಲು ಗಾಳಿಗಳಿಂದ ಕೆಟ್ಟಿರಬಹುದು. ಅದನ್ನು ಉರಿಸಿದರೆ ಬತ್ತಿಯ ತುದಿಗೆ ಟಾರಿನಂಥ ಕಿಟ್ಟ ಕಟ್ಟುವುದು. ನೀರು ಸೀಮೆಎಣ್ಣೆಗಿಂತ ಭಾರವಾದುದರಿಂದ, ಅದು ತೊಟ್ಟಿಯ ತಳದಲ್ಲಿ ನಿಂತು ಬತ್ತಿಯನ್ನು ಸೇರಿ ಎಣ್ಣೆಯ ದಾರಿಯನ್ನು ಕಟ್ಟುವುದು. ಗಾಜಿನ ನಾರಿನ ಬತ್ತಿಗೆ ಕಿಟ್ಟ ಕಟ್ಟಿದ್ದರೆ, ಹೀಟರನ್ನು ಗಾಳಿಯಾಡುವ ಕಡೆ ಇರಿಸಿ, ಎಣ್ಣೆ ಪೂರ್ತಿ ತೀರಿ ತಾನಾಗಿ ಆರುವವರೆಗೆ ಉರಿಸುವರು. ಕಿಟ್ಟ ಸುಟ್ಟು ಬೂದಿಯಾಗುವುದು. ಹತ್ತಿಯ ಬತ್ತಿಗೆ ಈ ಚಿಕಿತ್ಸೆ ಸಲ್ಲದು, ಬತ್ತಿಯೇ ಸುಟ್ಟುಹೋದೀತು. ಅದು ತಣಿದ ಮೇಲೆ ತುದಿಯನ್ನು ಸಮನಾಗಿ ಕತ್ತರಿಸಬೇಕು. ಬತ್ತಿಯ ಮೇಲಿನ ಕೊಳವೆ ಓರೆಯಾಗಿ ಕುಳಿತರೂ ಗಾಳಿ ಒಂದೇ ಸಮನಾಗಿ ಒಳಹೋಗದೆ ಜ್ವಾಲೆ ಒಂದು ಕಡೆ ಮಸಿ ಕಾರುವುದು.

ಆದರೆ ನಾತ ಅಡಗಿತೆಂದು ಅಪಾಯವೂ ಅಡಗಿತೆಂದು ತಿಳಿಯಬಾರದು. ಅಪೂರ್ಣ ದಹನದ ಮತ್ತೊಂದು ಫಲವಾದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವ ಅನಿಲವಿದು. ಮುಚ್ಚಿದ ಕೋಣೆಯಲ್ಲಿ ಎಷ್ಟು ಚೊಕ್ಕಟವಾದ ಹೀಟರಾದರೂ ಆಮ್ಲಜನಕವನ್ನು ಕಡಮೆಮಾಡುತ್ತಲೇ ಇರುವುದು. ಅದು ಕಡಮೆಯಾದಂತೆ ದಹನ ಕೆಡುವುದು, ವಿಷಾನಿಲ ಹೆಚ್ಚುವುದು. ಮಲಗಿದವನನ್ನು ಎಚ್ಚರಿಸಲು ವಾಸನೆಯೂ ಇರದು.

ಆದುದರಿಂದಲೇ ಎಷ್ಟೇ ಚಳಿಯಿದ್ದರೂ ಗಂಟೆಗೆ ಒಂದೆರಡು ಸಲ ಕಿಟಕಿ ತೆರೆಯಬೇಕು, ಮಲಗುವ ಮುನ್ನ ಹೀಟರನ್ನು ಆರಿಸಬೇಕು. ದಹನ ಕೆಟ್ಟಿದೆಯೆಂಬುದನ್ನು ಮೂಗು ಕೆಲವೊಮ್ಮೆ ತಿಳಿಸೀತು. ಆದರೆ ಪ್ರಾಣರಕ್ಷಣೆಯನ್ನು ಅದಕ್ಕೆ ಒಪ್ಪಿಸಿ ನಿದ್ರಿಸುವಂತಿಲ್ಲ.