ಕ್ಷೇತ್ರದ ಗಡಿಯೂ ನಮ್ಮ ಬೇಲಿಯೂ



ತೋಟದ ಬೇಲಿ ಒಂದು ಮಾರು ಸರಿದರೆ ಸರ್ವೆಯವರನ್ನು ಕರೆಸುವವರು ನಾವು. ವಿಧಾನಸಭಾ ಕ್ಷೇತ್ರದ ಗಡಿ ಸರಿದಾಗ ಮಾತ್ರ ಸುಮ್ಮನಿದ್ದೆವು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯ ಆಧಾರದಲ್ಲಿ ಕ್ಷೇತ್ರಗಳನ್ನು ಪುನರ್ವಿಂಗಡಿಸಿತು. ಹೊಸ ಗಡಿಗಳಂತೆ ನಮ್ಮ ರಾಜ್ಯದ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 2008ರ ಮೇ 10, 16 ಮತ್ತು 22ರಂದು. ಒಟ್ಟು ಸ್ಥಾನಗಳು 224 ಆಗಿಯೇ ಉಳಿದವು, ಹಂಚಿಕೆ ಬದಲಾಯಿತು. ಸೋಮವಾರಪೇಟೆ ಕ್ಷೇತ್ರ ಹೋಗಿ ಕೊಡಗಿನ ಮೂರು ಸ್ಥಾನಗಳು ಎರಡಾದವು. ಚಿಕ್ಕಮಗಳೂರು ಜಿಲ್ಲೆಯ ಬೀರೂರು, ಶಿವಮೊಗ್ಗ ಜಿಲ್ಲೆಯ ಹೊಸನಗರ ಕ್ಷೇತ್ರಗಳೂ ಮರೆಯಾದವು. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೇರಿದವು.

ಫಲಿತಾಂಶವೇನು? ಭಾರತೀಯ ಜನತಾ ಪಕ್ಷ 110, ಕಾಂಗ್ರೆಸ್ 80, ಜಾತ್ಯತೀತ ಜನತಾದಳ 28, ಪಕ್ಷೇತರರು 6. ಬಹುಮತಕ್ಕೆ 113 ಬೇಕಿತ್ತು. ಪಕ್ಷೇತರರ ಬೆಂಬಲದಿಂದ ಶ್ರೀ ಯಡಿಯೂರಪ್ಪನವರು ಸರ್ಕಾರ ರಚಿಸಿದರು. ಒಂದೊಂದು ಸ್ಥಾನಕ್ಕೂ ಎಷ್ಟು ತೂಕವೆಂಬುದು ಇದರಿಂದಲೇ ತಿಳಿಯುತ್ತದೆ.

ಜನಸಂಖ್ಯೆಯೇ ಅಳತೆಗೋಲೆಂಬ ತತ್ತ್ವಕ್ಕೆ ನನ್ನ ತಕರಾರಿಲ್ಲ. ನಮ್ಮ ಸಂಘದಲ್ಲಿಯೂ ಒಂದು ಎಕರೆಯವರಿಗೂ ನೂರು ಎಕರೆಯವರಿಗೂ ಒಂದೇ ಓಟು. ಆದರೆ ಮಲೆನಾಡಿನಲ್ಲಿ ಮನೆಗಳು ಚದುರಿವೆ, ಕ್ಷೇತ್ರ ಹಿಗ್ಗಿದಷ್ಟೂ ಶಾಸಕರು ದೂರವಾಗುತ್ತಾರೆ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಕಾಯಿಕೊರಕಕ್ಕೂ ಸದನದಲ್ಲಿ ದನಿಯೆತ್ತುವವರು ಕಡಿಮೆಯಾಗುತ್ತಾರೆ.

ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವುದು ಕಾನೂನಿನಲ್ಲಿಯೇ ಇದೆ. ಆಗ ತೋಟದ ಕೆಲಸದ ನೆಪದಲ್ಲಿ ನಾನೂ ಒಂದು ಕಾಗದ ಬರೆಯಲಿಲ್ಲ. ಮುಂದಿನ ಪುನರ್ವಿಂಗಡಣೆಯಲ್ಲಿ ಆ ತಪ್ಪು ಆಗಬಾರದು. ಪಕ್ಷ ಯಾವುದೇ ಇರಲಿ, ಬೆಳೆಗಾರರ ಸಂಘಗಳೆಲ್ಲ ಕೂಡಿ ಒಂದೇ ಮನವಿ ಕೊಡೋಣ. ಸ್ಥಾನ ಕಡಿಮೆಯಾದಲ್ಲಿ ಒಗ್ಗಟ್ಟು ಹೆಚ್ಚಬೇಕು.

– ಕಾರ್ಯದರ್ಶಿ